ಜಾಡಿಯೊಳಗಿನ ಗಂಟು

ಅಪ್ಪಾ,

ಇವತ್ತು ಸಂದರ್ಶನ ಮುಗಿಯಿತು. ಸಾಯುವವರೆಗೂ ನೀನು ಅಟೆಂಡರ್ ಆಗಿದ್ದ ಅದೇ ಅಂಗರಚನಾ ವಿಭಾಗದಲ್ಲಿ ಅಧ್ಯಾಪಕರ ಹುದ್ದೆ ಒಂದೇ ಒಂದು ಖಾಲಿ ಇತ್ತು. ಬಂದವರು ನಲವತ್ತು ಜನ.

ವಿಭಾಗದ ಮುಖ್ಯಸ್ಥೆ ಒಂದು ಗಾಜಿನ ಜಾಡಿ ತಂದು ನನ್ನ ಮುಂದಿಟ್ಟು, ನರಗಳನ್ನು ಹೆಸರಿಸಲು ಹೇಳಿದರು. ಒಳಗೊಂದು ಕೈ. ಚರ್ಮ ಸರಿಸಿ ಬಿಡಿಸಿದ ನರಗಳು ಎಳೆಯೆಳೆಯಾಗಿ, ಒಂದೂ ಹರಿಯದೆ, ಬೆರಳ ತುದಿಯವರೆಗೂ ಹಬ್ಬಿದ್ದವು. ಹೆಸರು ಹೇಳುವುದು ಬಿಟ್ಟು ನಾನು ಜಾಡಿಯ ಹತ್ತಿರಕ್ಕೆ ಬಗ್ಗಿದೆ.

"ಬಂದವರೆಲ್ಲ ಹೀಗೇ ಬಗ್ಗಿ ನೋಡ್ತಾರೆ," ಎಂದು ಅವರು ನಕ್ಕರು. "ಇಂಥದ್ದು ಇನ್ನೊಂದು ಮಾಡೋಕೆ ನಮ್ಮಲ್ಲಿ ಯಾರ ಕೈಲೂ ಆಗಿಲ್ಲ. ಮಾಡಿದ್ದು ಯಾರೋ, ಹೆಸರೇ ಬರೆದಿಟ್ಟಿಲ್ಲ."

ಆಗ ಕಂಡಿತು, ಕೈಯನ್ನು ಗಾಜಿನ ಪಟ್ಟಿಗೆ ಬಿಗಿದಿದ್ದ ದಾರದ ಗಂಟು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿದ್ದು. ದಿನಾ ಬೆಳಿಗ್ಗೆ ನನ್ನ ಜಡೆಯ ರಿಬ್ಬನ್ನಿಗೆ ನೀನು ಹಾಕುತ್ತಿದ್ದ ಗಂಟು ಅದು. ಜಾಡಿಗೆ ತುಂಬುವ ಫಾರ್ಮಲಿನ್ ವಾಸನೆ ಅಂತ ಶಾಲೆಯ ಗೇಟಿನ ಬಳಿ ನಾನದನ್ನು ಬಿಚ್ಚಿ, ರಿಬ್ಬನ್ನನ್ನು ಚೀಲಕ್ಕೆ ತುರುಕುತ್ತಿದ್ದೆ.

"ನಂದೇನಮ್ಮ, ಜಾಡಿ ತೊಳೆಯೋ ಕೆಲಸ," ಅಂತಿದ್ದೆಯಲ್ಲ!

ಸಂಜೆ ಫೋನ್ ಬಂತು. ಹುದ್ದೆ ನನಗೇ ಸಿಕ್ಕಿದೆ. ಆ ಕೈಯ ಅಷ್ಟೂ ನರಗಳ ಹೆಸರು ಹೇಳಿದ್ದೆ, ಅಪ್ಪಾ. ನಿನ್ನ ಹೆಸರೊಂದನ್ನು ಹೇಳಲಿಲ್ಲ.