ಮೂರು ತಿಂಗಳ ಕರಾರು

ಹರಿಹರ
12-5-2026, ಮಂಗಳವಾರ

ಪ್ರೀತಿಯ ನೀಲಾ,

ಹೇಗಿದ್ದೀ? ಮಂಡಿನೋವು ಕಡಿಮೆಯಾಯಿತೇ? ಮಹಡಿ ಹತ್ತಿ ಕೂಸಿನ ಬಟ್ಟೆ ಒಣಹಾಕುವವಳು ನೀನೇ ಎಂಬ ಗುಮಾನಿ ನನಗಿದೆ. ಮಗಳನ್ನು ಕೇಳಿದರೆ "ಇಲ್ಲಪ್ಪಾ, ಎಲ್ಲಾ ಮಷೀನೇ ಮಾಡ್ತೈತೆ" ಎನ್ನುತ್ತಾಳೆ. ಕೀರ್ತನಾ ಸುಳ್ಳು ಹೇಳುವಾಗ ಮಾತು ಜೋರಾಗುತ್ತದೆ, ಚಿಕ್ಕಂದಿನಿಂದಲೂ ಹಾಗೇ. ಕೂಸಿಗೆ ಹಲ್ಲು ಬಂತೇ? ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ನಿನ್ನೆ ಮಂಡಕ್ಕಿ ಜೊತೆ ಎರಡೇ ಮಿರ್ಚಿ ತಿಂದೆ. ಮೂರು ಎಂದು ಯಾರಾದರೂ ಹೇಳಿದರೆ ನಂಬಬೇಡ.

ಹರಿಹರದಿಂದ ದಾವಣಗೆರೆಗೆ ಅರ್ಧ ಗಂಟೆಯ ದಾರಿ, ಅದಕ್ಕೊಂದು ಕಾಗದವೇ ಎಂದು ನಗಬೇಡ. ಫೋನು ಮಾಡಿದರೆ ನಾನು ಬಾಯಿ ತೆರೆಯುವ ಮೊದಲೇ ನೀನು ಸ್ಪೀಕರ್ ಹಾಕುತ್ತೀ. ಮಗಳು, ಅಳಿಯ, ಕೂಸು, ಕುಕ್ಕರು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಗಂಡ ಹೆಂಡತಿಯ ಮಾತಿಗೆ ಅಷ್ಟೊಂದು ಸಾಕ್ಷಿ ಬೇಡ. ಪಕ್ಕದ ಮನೆಯ ಮುಮ್ತಾಜ್ ದಿನಾ ದಾವಣಗೆರೆಯ ಎಂ.ಸಿ.ಸಿ. 'ಬಿ' ಬ್ಲಾಕಿನ ಕ್ಲಿನಿಕ್ಕಿಗೆ ನರ್ಸ್ ಕೆಲಸಕ್ಕೆ ಬರುತ್ತಾಳಲ್ಲ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿ ಮೇಲೆ ಅಡ್ಡಲಾಗಿ ಸಹಿ ಹಾಕಿದ್ದೇನೆ. ಸಹಿ ಹರಿದಿದ್ದರೆ ತಿಳಿಸು. ಮುಮ್ತಾಜ್ ಒಳ್ಳೆಯವಳೇ, ಆದರೆ ಮೂವತ್ತೊಂದು ವರ್ಷ ಬಸ್ಸು ನಿಲ್ಲಿಸಿ ಟಿಕೆಟ್ ತಪಾಸಣೆ ಮಾಡಿದವನಿಗೆ ಸುಮ್ಮನೆ ನಂಬುವುದು ಬರುವುದಿಲ್ಲ.

ವಿಷಯ ಏನೆಂದರೆ, ನಮ್ಮ ಮನೆಗೂ ಇಂಟರ್ನೆಟ್ ಹಾಕಿಸಬೇಕೆಂದಿದ್ದೇನೆ. ಮೊನ್ನೆಯದಲ್ಲ, ಅದರ ಹಿಂದಿನ ಭಾನುವಾರ ವಿಡಿಯೋದಲ್ಲಿ ಕೂಸು ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಟ್ಟಿತಲ್ಲ, ನನ್ನ ಜೀವ ಹೋಗಿ ಬಂತು. ಮೊಬೈಲಿನ ಸಿಗ್ನಲ್ಲು ನಮ್ಮ ಮನೆಯೊಳಗೆ ಬರುವುದೇ ನೆಂಟರ ಹಾಗೆ. ಮಾರನೇ ದಿನವೇ ಒಂದು ಕಂಪನಿಯ ಪರಶುರಾಮ್ ಎಂಬವನು ಬಂದ. ಕೂಡು ಎನ್ನುವ ಮೊದಲೇ ಕುಳಿತ. "ಅನ್‌ಲಿಮಿಟೆಡ್ ರೀ ಸರ, ಮಿತಿ ಅನ್ನೋದೇ ಇಲ್ಲ" ಎಂದ. ನಾನು ಅವನ ಕಾಗದವನ್ನು ಕಿಟಕಿಯ ಬಳಿ ಹಿಡಿದು, ಭೂತಕನ್ನಡಿ ಇಟ್ಟು ಹಿಂಬದಿ ಓದಿದೆ. ಮಿತಿ ಅಲ್ಲಿ ಕೂತಿತ್ತು, ಇರುವೆ ಗಾತ್ರದ ಅಕ್ಷರದಲ್ಲಿ. ಅದರ ಕೆಳಗೆ ಇನ್ನೊಂದು: ಕನಿಷ್ಠ ಒಂದು ವರ್ಷದ ಕರಾರು, ನಡುವೆ ಬಿಡುವಂತಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ನೋಡು. ನಾನು ಬೆರಳಿಟ್ಟು ತೋರಿಸಿದರೆ ಅವನು ನಾಚಲೂ ಇಲ್ಲ. "ಒಂದು ವರ್ಷ ಏನ್ ಮಹಾ ಯಜಮಾನ್ರೆ, ಕಣ್ ಮುಚ್ಚಿ ಬಿಡೋದ್ರಾಗ ಹೋಗ್ತೈತೆ" ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ಹೋಗಯ್ಯಾ ಎಂದೆ. ಅಷ್ಟು ಸಿಟ್ಟು ಯಾಕೆ ಬಂತೆಂದು ಅವನು ಹೋದ ಮೇಲೆ ತಿಳಿಯಿತು. ಒಂದು ವರ್ಷಕ್ಕೆ ಸಹಿ ಹಾಕಿದರೆ, ನೀನು ಒಂದು ವರ್ಷ ಬರುವುದಿಲ್ಲ ಎಂದು ನಾನೇ ಬರೆದುಕೊಟ್ಟ ಹಾಗಾಗುತ್ತದೆ.

ಆಮೇಲೆ ನಮ್ಮ ಕೇಬಲ್ ನೌಮಾನ್‌ನನ್ನು ಕರೆಸಿದೆ. ಈಗ ಅವನೂ ಇಂಟರ್ನೆಟ್ ಕೊಡುತ್ತಾನೆ. ಅವನ ಮೇಲೂ ಅನುಮಾನವಿತ್ತು, ಸುಳ್ಳೇಕೆ ಹೇಳಲಿ. ಅವನ ಅಪ್ಪ ಮೌಲಾ ಸಾಬ್ ಕಂಡಕ್ಟರ್ ಆಗಿದ್ದಾಗ ಮಲೆಬೆನ್ನೂರು ಬಸ್ಸಿನಲ್ಲಿ ಇಬ್ಬರಿಗೆ ಟಿಕೆಟ್ ಕೊಟ್ಟಿಲ್ಲವೆಂದು ನಾನೇ ರಿಪೋರ್ಟ್ ಬರೆದಿದ್ದೆ. ಮಗ ಈಗ ಸೇಡು ತೀರಿಸಿಕೊಂಡರೆ? ಅವನು ಮಾತ್ರ "ಮೂರು ತಿಂಗ್ಳದ್ದೂ ಐತ್ರಿ ಸರ. ಆಮ್ಯಾಲೆ ಬ್ಯಾಡ ಅಂದ್ರೆ ವೈಫೈ ಡಬ್ಬಿ ಬಿಚ್ಕೊಂಡು ಹೋಗ್ತೀನಿ, ಅಷ್ಟೇ" ಎಂದ. ಬರೆದು ಕೊಡು ಎಂದೆ. "ನಿಮ್ ವಿಷಯ ಅಪ್ಪ ಹೇಳ್ಯಾರ್ರೀ, ಪೆನ್ನು ತಂದೇ ಬಂದೀನಿ" ಎಂದು ನಗುತ್ತಾ ಬರೆದುಕೊಟ್ಟ. ಹಿಂಬದಿ ತಿರುಗಿಸಿ ನೋಡಿದೆ. ಖಾಲಿ ಇತ್ತು. ಹುಡುಗ ನಿಯತ್ತಿನವನೇ ಇರಬೇಕು.

ಇಲ್ಲಿಗೇ ಮುಗಿದಿದ್ದರೆ ಕಾಗದ ಬೇಕಿರಲಿಲ್ಲ. ಅರುಣ್ ಕುಮಾರ್ ನನಗೆ ಅನುಕೂಲವಾಗಲೆಂದು ತಮ್ಮ ಮನೆಯ ಇಂಟರ್ನೆಟ್ ಕಾಗದದ ಫೋಟೋ ಕಳಿಸಿದ. ಅಳಿಯನ ಒಳ್ಳೆಯತನವೇ ಅವನಿಗೆ ಮುಳುವಾಯಿತು. ಅದರಲ್ಲಿ ಹೀಗಿತ್ತು. ಅವಧಿ: ಹನ್ನೆರಡು ತಿಂಗಳು. ಮೊದಲ ಡಬ್ಬಿ: ಹಾಲ್. ಎರಡನೇ ಡಬ್ಬಿ: ಅಮ್ಮನ ರೂಮು. ಅರುಣನ ತಾಯಿ ತೀರಿಕೊಂಡು ಎಂಟು ವರ್ಷವಾಯಿತು. ಹಾಗಾದರೆ ಯಾವ ಅಮ್ಮ? ನಾನು ನೋಡಿದಾಗ ಆ ಕೋಣೆಯಲ್ಲಿ ಅಕ್ಕಿ ಚೀಲ ಮತ್ತು ಹಳೇ ಕೂಲರ್ ಇದ್ದವು. ಅದು ಯಾವತ್ತಿನಿಂದ ಅಮ್ಮನ ರೂಮಾಯಿತು, ನೀಲಾ?

ನೀನು ದೀಪಾವಳಿಗೆ ಹೋದವಳು. ಆಸ್ಪತ್ರೆ ದಾವಣಗೆರೆಯಲ್ಲೇ ಐತೆ, ಮೂರು ತಿಂಗಳು ಬಾಣಂತನ ಮುಗಿಸಿ ಬರ್ತೀನಿ ಎಂದಿದ್ದೆ. ಆಮೇಲೆ ಯುಗಾದಿ ಆಗಲಿ ಎಂದೆ. ಆಮೇಲೆ ಕೀರ್ತನಾಳ ರಜೆ ಮುಗಿಯಿತು, ಕೂಸನ್ನು ನೋಡಿಕೊಳ್ಳುವವರಿಲ್ಲ ಎಂದೆ. ಈಗ ಕೇಳಿದರೆ "ನೋಡೋಣ ತಗೋರಿ" ಎಂದು ಅಡ್ಡಗೋಡೆ ಮೇಲೆ ದೀಪ ಇಡುತ್ತೀ. ಹತ್ತಿರದ ಸ್ಟೇಜಿಗೆ ಟಿಕೆಟ್ ತೆಗೆದು ಮುಂದಕ್ಕೂ ಕೂತೇ ಹೋಗುವವರನ್ನು ಸಾವಿರ ಜನ ನೋಡಿದ್ದೇನೆ. ಅವರೆಲ್ಲ ನನ್ನನ್ನು ಕಂಡ ಕೂಡಲೇ ಕಿಟಕಿಯಾಚೆ ನೋಡುತ್ತಿದ್ದರು. ವಿಡಿಯೋದಲ್ಲಿ ನಾನು ಯಾವಾಗ ಬರ್ತಿ ಎಂದಾಗ ನೀನೂ ಕಿಟಕಿ ನೋಡುತ್ತೀ.

ಎರಡು ದಿನ ನಿನ್ನ ಮೇಲೆ ಕೋಪವಿತ್ತು. ಮಗಳೂ ಅಳಿಯನೂ ಸೇರಿ ನಿನ್ನನ್ನು ಕೂಡಿಹಾಕಿದ್ದಾರೆ ಎಂದೂ ಅನುಮಾನಪಟ್ಟೆ. ಮೂರನೇ ದಿನ ನೌಮಾನ್ ಬಂದು, ಡಬ್ಬಿ ಯಾವ ರೂಮಿನಾಗೆ ಹಾಕಲಿ, ಅಮ್ಮಾರ ರೂಮಿನಾಗಾ ನಿಮ್ದರಾಗಾ ಎಂದು ಕೇಳಿದ. ನಾನು ಮನೆಯೆಲ್ಲ ಸುತ್ತಿ ನೋಡಿದೆ. ನನಗೆ ಮೇಜಿದೆ, ಕುರ್ಚಿಯಿದೆ, ಬೀಗವಿರುವ ಡ್ರಾಯರಿದೆ. ನಿನ್ನದೆಂದು ಇದ್ದದ್ದು ಅಡುಗೆಮನೆ ಬಾಗಿಲ ಹಿಂದಿನ ಒಂದು ಮೊಳೆ, ಅದಕ್ಕೆ ನಿನ್ನ ಹಳೇ ಸ್ವೆಟರ್ ಇನ್ನೂ ನೇತಾಡುತ್ತಿದೆ. ನೀನು ಹೊಸಲು ದಾಟಿದಾಗಲೆಲ್ಲ ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ಬರ್ತಿ ಎಂದು ಕೇಳಿದವನು ನಾನು. ಮೂವತ್ತೆಂಟು ವರ್ಷ ಮನೆಯಲ್ಲೂ ತಪಾಸಣೆ ಮಾಡಿದೆ. ಅಲ್ಲಿ ಯಾರೂ ಕೇಳುವುದಿಲ್ಲ, ಅಲ್ಲವೇ? ನೀನಿಲ್ಲದೆ ನನಗೆ ಬಹಳ ಬೇಸರವಾಗಿದೆ ನೀಲಾ. ಇಷ್ಟು ಹೇಳುವುದಕ್ಕೆ ಮೂರು ಹಾಳೆ ಬೇಕಾಯಿತು.

ಕೂಸಿಗೆ ಅಜ್ಜನ ಮುತ್ತು. ಮಗಳಿಗೂ ಅಳಿಯನಿಗೂ ಆಶೀರ್ವಾದ ತಿಳಿಸು, ಆದರೆ ಫೋಟೋದ ಮಾತು ಎತ್ತಬೇಡ. ಮೆಟ್ಟಿಲು ಹತ್ತಬೇಡ.

ನಿನ್ನ
ಬೋರಣ್ಣ

ಇನ್ನೊಂದು ಮಾತು, ಬೇಗ ಬರೆಯುತ್ತಿದ್ದೇನೆ, ಮುಮ್ತಾಜ್ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ನೌಮಾನ್ ಗುರುವಾರ ಹನ್ನೊಂದಕ್ಕೆ ಬರುತ್ತಾನೆ. ಕೇಬಲ್ ಇರುವುದು ನಿನ್ನ ನಂಬರಿನಲ್ಲಿ, ಹಾಗಾಗಿ ಇಂಟರ್ನೆಟ್ ಶುರು ಮಾಡಲು ಬೇಕಾದ ಒಟಿಪಿ ನಿನ್ನ ಫೋನಿಗೇ ಬರುತ್ತದೆ. ಅದನ್ನು ಯಾರಿಗೂ ಹೇಳಬಾರದೆಂದು ನಿನಗೆ ಕಲಿಸಿದವನೂ ನಾನೇ. ಮೂರು ತಿಂಗಳೊಳಗೆ ಬರುವ ಮನಸ್ಸಿದ್ದರೆ ಫೋನು ಮಾಡಿ ಅದನ್ನು ಹೇಳು, ಸ್ಪೀಕರಿನಲ್ಲೇ ಹೇಳು. ಮನಸ್ಸಿಲ್ಲದಿದ್ದರೆ ಹೇಳಬೇಡ, ಯಾಕೆಂದು ನಾನು ಕೇಳುವುದಿಲ್ಲ. ನೌಮಾನ್‌ಗೆ ಚಹಾ ಕೊಟ್ಟು ಕಳಿಸಿ, ಮನೆಗೆ ಬೀಗ ಹಾಕಿ, ಹನ್ನೆರಡರ ಬಸ್ಸಿಗೆ ನಾನೇ ಬರುತ್ತೇನೆ. ಮಗಳ ಮನೆಯಲ್ಲಿ ಚಹಾ ಕುಡಿದು ಐದರ ಬಸ್ಸಿಗೆ ವಾಪಸಾಗುತ್ತಿದ್ದವನು ಈಗ ಅಲ್ಲೇ ಉಳಿದ ಎಂದು ಜನ ಆಡಿಕೊಂಡರೆ ಆಡಿಕೊಳ್ಳಲಿ. ಅಮ್ಮನ ರೂಮಿನಲ್ಲಿ ಇನ್ನೊಂದು ಮಂಚಕ್ಕೆ ಜಾಗವಿದೆಯೇ, ಅಷ್ಟು ನೋಡಿಡು. ಬಾಗಿಲು ತಟ್ಟಿಯೇ ಒಳಗೆ ಬರುತ್ತೇನೆ.