ನಲವತ್ತೊಂದನೇ ಪುಟ

೨ ಜುಲೈ ೧೯೯೯, ಶುಕ್ರವಾರ, ಸಂಜೆ ೭

ಇವತ್ತೂ ಮುನಾಫ್ ಸೈಬರ್‌ನಲ್ಲಿ ಒಂದು ತಾಸು. ಅದೇ ಹರಾಜಿನ ಸೈಟು. ‘ಕನ್ನಡ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಏನೂ ಇಲ್ಲ. ಒಂದಕ್ಷರ ತಪ್ಪಿದರೆ ಕೆನಡಾ ದೇಶದ ಸ್ಟಾಂಪು, ಮಂಜುಗಡ್ಡೆಯ ಮೇಲೆ ಹಾಕಿ ಆಟ ಆಡುವವರ ಫೋಟೋ. ಎದ್ದು ಬರುವವಳಿದ್ದೆ. ಬ್ರಿಟಿಷರು ಕರೆಯುತ್ತಿದ್ದಂತೆ ‘ಕ್ಯಾನರೀಸ್’ ಅಂತ ಸುಮ್ಮನೆ ಹೊಡೆದು ನೋಡಿದೆ. ಒಂದೇ ಒಂದು ಬಂತು.

ಫೋಟೋ ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯಿತು. ಮೊದಲು ಹಳದಿ. ಆಮೇಲೆ ಒಂದು ಕುಲಾವಿ. ಅದನ್ನು ತೊಟ್ಟ ಕರಡಿಮರಿ...

‘ಏಳು ಬಣ್ಣದ ಕುಲಾವಿ’! ಮಕ್ಕಳ ಕಥೆ ಪುಸ್ತಕ, ಹರಿಹರದಲ್ಲಿ ಅಚ್ಚಾದದ್ದು, ೧೯೫೧. ಹನ್ನೆರಡು ವರ್ಷದಿಂದ ಹುಡುಕುತ್ತಿದ್ದೇನೆ — ಗುಜರಿಯಲ್ಲಿ, ಧಾರವಾಡದ ಹಳೇ ಪುಸ್ತಕದ ಅಂಗಡಿಗಳಲ್ಲಿ, ಮುಚ್ಚಿದ ಶಾಲೆಗಳ ಬೀರುವಿನಲ್ಲಿ. ಇದು ನೋಡಿದರೆ ಅಮೆರಿಕದ ಓಹಾಯೋದಲ್ಲಿ ಹೋಗಿ ಕೂತಿದೆ! ಕಿರುಚಿಬಿಟ್ಟೆ. ಪಕ್ಕದ ಕ್ಯಾಬಿನ್ನಿನ ಹುಡುಗಿ ಬೆಚ್ಚಿ ಪರದೆ ಎಳೆದುಕೊಂಡಳು. ಮುನಾಫ್ ಕೌಂಟರ್ ಬಿಟ್ಟು ಓಡಿಬಂದ.

“ಏನಾತ್ರಿ ಟೀಚರಮ್ಮ, ಶಾಕ್ ಹೊಡೀತಾ?”

“ಹೊಡೀತಪ್ಪ. ಬಿಡ್ ಹಾಕು, ಲಗೂನ ಹಾಕು!”

“ನೀವೇ ಹಾಕ್ರಿ. ಪಾಸ್‌ವರ್ಡ್ ನಿಮ್ದು.”

ಹಾಕಿದೆ. ಸದ್ಯಕ್ಕೆ ನಾನೊಬ್ಬಳೇ. ಮುಗಿಯುವುದು ೧೨ನೇ ತಾರೀಖು ಸೋಮವಾರ, ನಮ್ಮ ಟೈಮಿಗೆ ಬೆಳಿಗ್ಗೆ ಆರೂವರೆ. ಮಾರುವಾತ ಬರೆದಿದ್ದಾನೆ — ಐವತ್ತರ ದಶಕದಲ್ಲಿ ಇಂಡಿಯಾದಲ್ಲಿದ್ದ ಒಬ್ಬ ನರ್ಸಮ್ಮನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಂತೆ. ಸ್ಥಿತಿ ಉತ್ತಮ. ಐದು ಪುಟಗಳಲ್ಲಿ ಯಾವುದೋ ಮಗುವಿನ ಪೆನ್ಸಿಲ್ ಗೀಚು.

ಮೂವತ್ತೇಳು ವರ್ಷ ಮೇಷ್ಟ್ರಿಕೆ ಮಾಡಿದ ಕೈ. ಬಿಡ್ಡಿನ ಅಂಕಿಯನ್ನು ಎರಡು ಸಲ ತಪ್ಪು ಹೊಡೆಯಿತು.

೩ ಜುಲೈ, ಶನಿವಾರ

ಬೆಳಿಗ್ಗೆಯಿಂದ ಮನೆಯಲ್ಲಿ ಕಾಲು ನಿಲ್ಲುತ್ತಿಲ್ಲ. ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದ್ದೇನೆ. ಇವರು ಅದನ್ನೇ ಪೂರ್ತಿ ಕುಡಿದು ಅಂಗಡಿಗೆ ಹೋದರು.

ಬರೆದೇ ಬಿಡುತ್ತೇನೆ. ಆ ಪುಸ್ತಕ ನನಗಿತ್ತು. ಹರಿಹರದಲ್ಲಿ ನಾಲ್ಕನೇ ಇಯತ್ತೆ, ಓದುವ ಸ್ಪರ್ಧೆಯಲ್ಲಿ ಬಹುಮಾನ. ಒಂದು ದಿನ ಕಾಣೆಯಾಯಿತು. ನಾನು ಓಬವ್ವನ ಹೆಸರು ಹೇಳಿದೆ. ಗುತ್ತೂರಿನಿಂದ ನಡೆದು ಬರುತ್ತಿದ್ದವಳು. ನನ್ನ ಪಕ್ಕದಲ್ಲೇ ಕೂಡುತ್ತಿದ್ದಳು, ನನ್ನ ಜೀವದ ಗೆಳತಿ. ದಿನಾ ಆ ಪುಸ್ತಕ ಬೇಡಿ ಓದುತ್ತಿದ್ದಳು — ಸಾಕ್ಷಿ ಅಂದರೆ ಇಷ್ಟೇ. ಅವಳಪ್ಪ ಪಾಲಯ್ಯ ಬಂದ, ಎಲ್ಲರೆದುರು ಅವಳಿಗೆ ಹೊಡೆದ, ಕೈ ಹಿಡಿದು ಎಳೆದುಕೊಂಡು ಹೋದ. ಮತ್ತೆ ಶಾಲೆಗೆ ಕಳಿಸಲಿಲ್ಲ. ನಾನು ಓದಿ ಟೀಚರಾದೆ. ಅವಳು ಹರಿಹರದ ಸಂತೆಯಲ್ಲಿ ಸೊಪ್ಪು ಮಾರುತ್ತಾಳೆ. ಅವಳು ಕೂಡುವ ಸಾಲಿಗೆ ನಾನು ಹೋಗುವುದಿಲ್ಲ.

ನಲವತ್ತೆಂಟು ವರ್ಷವಾಯಿತು. ಓಬವ್ವ ಕದ್ದಿದ್ದಳಾ? ಓಹಾಯೋದ ಪ್ರತಿ ನನ್ನದೇನಾ? ಆ ಪೆನ್ಸಿಲ್ ಗೀಚು ಯಾರದ್ದು? ಓಹಾಯೋ ಸಾಹೇಬನಿಗೆ ಒಂದು ಮೇಲ್ ಹಾಕಬೇಕು.

೫ ಜುಲೈ, ಸೋಮವಾರ, ಸಂಜೆ

ಉತ್ತರ ಬಂದಿದೆ!! ಭಾಳ ಸಜ್ಜನ. ಮೊದಲ ಪುಟ ಸ್ಕ್ಯಾನ್ ಮಾಡಿ ಕಳಿಸಿದ್ದಾನೆ. ಇದೇನು ಮಂತ್ರವೇ ಎಂದು ಬೇರೆ ಕೇಳಿದ್ದಾನೆ.

ಮಂತ್ರವಂತೆ! ಗುಂಡು ಗುಂಡು ಅಕ್ಷರ: “ನನ್ನ ಹೆಸರು ಬೇಕಾದರೆ ೧೭ನೇ ಪುಟ ನೋಡು.”

ಕೂತಲ್ಲೇ ನಕ್ಕೆ. ನಮ್ಮ ಕಾಲದಲ್ಲಿ ಇದನ್ನು ಬರೆಯದ ಮಕ್ಕಳೇ ಇರಲಿಲ್ಲ. ಪುಸ್ತಕದ ಒಡೆಯರ ಹೆಸರು ಹುಡುಕುವವನು ಆ ಪುಟದಿಂದ ಈ ಪುಟಕ್ಕೆ ಓಡಬೇಕು, ಅಲ್ಲಿ ಬೈಸಿಕೊಳ್ಳಬೇಕು, ಮುಂದಕ್ಕೆ ಓಡಬೇಕು. ಕಟ್ಟಕಡೆಯ ಪುಟದಲ್ಲಿ ಹೆಸರು. ಅಲ್ಲಿ ಮರುಳಸಿದ್ದಮ್ಮ ಎಂದು ನಾನು ಬರೆದಿದ್ದೆನಾ? ಓಬವ್ವ ತನ್ನ ಹೆಸರು ಬರೆದಳಾ? ಅಕ್ಷರ ನೋಡಿದರೆ ಹೇಳಲಿಕ್ಕಾಗದು. ಒಬ್ಬರೇ ಮೇಷ್ಟ್ರು ತಿದ್ದಿಸಿದ್ದು, ಇಡೀ ಕ್ಲಾಸಿನದ್ದು ಒಂದೇ ಬರಹ.

ಸಾಹೇಬನಿಗೆ ಈ ಆಟವನ್ನೂ ನನ್ನ ಹುಡುಕಾಟವನ್ನೂ ಬಿಡಿಸಿ ಬರೆದೆ. ಕನ್ನಡದ ಅಂಕಿ ಅವನಿಗೆ ಬಾರದು. ಹೊದಿಕೆಯಿಂದ ಎಣಿಸಿಕೊಂಡು ಹದಿನೇಳನೇ ಪುಟಕ್ಕೆ ಹೋಗಪ್ಪಾ ಅಂದೆ.

೭ ಜುಲೈ, ಬುಧವಾರ

ಎರಡು ಪುಟ ಒಟ್ಟಿಗೆ ಬಂದವು. ಅಂಕಿಯ ಆಕಾರ ಹೋಲಿಸಿ ಎರಡನೆಯದನ್ನು ತಾನೇ ಹುಡುಕಿದ್ದಾನೆ. ಅವನಿಗೂ ಹುಚ್ಚು ಹಿಡಿದಿದೆ.

೧೭: “ಇಲ್ಲಿಲ್ಲ. ೫ಕ್ಕೆ ಹೋಗು.”

೫: “ಬಂದೆಯಾ ಕೋತಿ? ೩೨ ನೋಡು.”

ಮುನಾಫ್ ಗಿರಾಕಿಗಳನ್ನು ಬಿಟ್ಟು ನನ್ನ ಹಿಂದೆಯೇ ನಿಂತಿದ್ದ. “ಕೋತಿ ಅಂದ್ರೆ ನಾವಾ ಅವನಾ?” ಅಂದ. ಮೂವರೂ ಅಂದೆ.

ಇನ್ನು ಎರಡೇ ಪುಟ!

೯ ಜುಲೈ, ಶುಕ್ರವಾರ

ಎಂಥಾ ಕೆಲಸ ಮಾಡಿಕೊಂಡೆ.

೩೨ನೇ ಪುಟ ಬಂತು: “ಇನ್ನೂ ಬಿಟ್ಟಿಲ್ಲವಾ? ಹೆಸರು ೪೧ರಲ್ಲಿ.” ಕೆಳಗೆ ಸಾಹೇಬನ ಪತ್ರ. ನಿಮ್ಮ ಕಥೆ ನನಗೂ ನನ್ನ ಹೆಂಡತಿಗೂ ಬಹಳ ಹಿಡಿಸಿತು, ಅದನ್ನು ಹರಾಜಿನ ಪುಟದಲ್ಲೇ ಹಾಕಿದ್ದೇವೆ, ನಾಲ್ಕು ಪುಟಗಳ ಫೋಟೋ ಸಮೇತ. ನಲವತ್ತೊಂದನೇ ಪುಟ ಮಾತ್ರ ಗೆದ್ದವರಿಗೆ!

ನೋಡಿದರೆ ಹದಿನಾಲ್ಕು ಬಿಡ್. ಮೊನ್ನೆಯ ತನಕ ನನ್ನದೊಂದೇ ಇತ್ತು. ಕನ್ನಡದ ಒಂದಕ್ಷರ ಬಾರದವರೆಲ್ಲಾ ಆ ಮಗುವಿನ ಹೆಸರಿಗೆ ಬಿದ್ದಿದ್ದಾರೆ.

ಮನೆಗೆ ಬಂದು ಇವರಿಗೆ ಹೇಳಿದೆ. ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ ಇಟ್ಟವರು, ದಿನಾ ಹರಾಜಿನಲ್ಲೇ ಇರುವವರು. ಊಟ ನಿಲ್ಲಿಸಿ ನನ್ನ ಮುಖ ನೋಡಿದರು.

“ಯಾವ ಮಾಲು ಬೇಕೋ ಅದನ್ನ ಮುಟ್ಟಬಾರ್ದು ಕಣೇ. ಮುಟ್ಟಿದ್ರೆ ಎಲ್ಲರ ಕಣ್ಣೂ ಅಲ್ಲೇ. ನೀನು ಚೀಲ ಬಿಚ್ಚಿ, ಕಾಳು ಬಾಯಿಗೆ ಹಾಕ್ಕಂಡು, ಆಹಾ ಅಂತ ಕೂಗಿ ಬಂದೀಯಲ್ಲ!”

“ಈಗೇನು ಮಾಡ್ಲಿರಿ?”

“ಬಾಯಿ ಮುಚ್ಚಿಕೊಂಡು ಕೂಡು. ಕಡೇ ನಿಮಿಷದಾಗ ಒಂದೇ ಸಲ ಕೂಗು. ಅಷ್ಟೊತ್ತಿಗೆ ಬ್ಯಾರೆಯೋರು ಗೆದ್ವಿ ಅಂತ ಎದ್ದು ಹೋಗಿರ್ತಾರೆ.” ಆಮೇಲೆ ಮೆಲ್ಲಗೆ, “ಎಷ್ಟಾದ್ರೂ ಆಗ್ಲಿ, ತಗಾ. ಈ ವಾರದಾಗ ನಾನು ಉಪ್ಪಿನ ಚಹಾ ಎರಡು ಸಲ ಕುಡ್ದೀನಿ.”

ಈ ಮನುಷ್ಯನ ಮೇಲೆ ಇವತ್ತು ಎಷ್ಟು ಪ್ರೀತಿ ಬಂತೆಂದರೆ... ಇರಲಿ.

೧೧ ಜುಲೈ, ಭಾನುವಾರ

ಮೂರು ಸಲ ಸೈಬರ್‌ಗೆ ಹೋದೆ, ಬರೀ ನೋಡಲಿಕ್ಕೆ. ಕೈ ಕಟ್ಟಿಕೊಂಡು ಕೂತೆ. ಟೆಕ್ಸಾಸಿನವನೊಬ್ಬ ಮುಂದಿದ್ದಾನೆ. ನಾಳೆ ಆರಕ್ಕೇ ಷಟರ್ ಎತ್ತುತ್ತೇನೆ ಎಂದ ಮುನಾಫ್.

ಗೆಲ್ಲುವುದಷ್ಟೇ ಆಗಿದ್ದರೆ ಮೂರು ಮೂರು ಸಲ ಓಡುತ್ತಿದ್ದೆನಾ? ಆ ಪುಟದಲ್ಲಿ ಓಬವ್ವನ ಹೆಸರಿದ್ದರೆ ನಾನು ಹೇಳಿದ್ದು ಸರಿ. ಸಂತೆಯಲ್ಲಿ ಯಾವ ಸಾಲಿಗೆ ಬೇಕಾದರೂ ತಲೆಯೆತ್ತಿ ಹೋಗಬಹುದು. ಅವಳ ಹೆಸರೇ ಇರಲಿ ಎಂದು ದೇವರ ಮುಂದೆ ಕೇಳಿಕೊಂಡೆ. ಎಂಥಾ ಬೇಡಿಕೆ!

೧೨ ಜುಲೈ, ಸೋಮವಾರ, ಬೆಳಿಗ್ಗೆ ೭-೧೫

ಗೆದ್ದೆ ಗೆದ್ದೆ ಗೆದ್ದೆ!

ಆರು ಹದಿನೆಂಟಕ್ಕೆ ಕರೆಂಟು ಹೋಯಿತು. ವಿನೋಬನಗರ ಪೂರ್ತಿ. ಯುಪಿಎಸ್ ಕುಂಯ್ ಕುಂಯ್ ಅನ್ನತೊಡಗಿತು. ಹದಿನೈದು ನಿಮಿಷ ತಡೀತೈತೆ ಅಂದ ಮುನಾಫ್. ಮಿಕ್ಕ ಮೆಷಿನ್‌ಗಳನ್ನೆಲ್ಲಾ ಕಿತ್ತು ಹಾಕಿದ. ಲೈನ್ ಕಟ್ಟಾಯಿತು, ಮತ್ತೆ ಡಯಲ್, ಮೋಡೆಮ್ಮಿನ ಆ ಕೂಗಾಟ... ಆರು ಇಪ್ಪತ್ತಾರು. ಟೆಕ್ಸಾಸ್ ಇನ್ನೂ ಮುಂದೆ. ಇವರೂ ಬಂದು ನಿಂತಿದ್ದರು, ವಾಕಿಂಗ್ ಕೋಲು ಹಿಡಿದು. “ತಡಿ... ತಡಿ... ಈಗ!” ಅಂದರು, ಥೇಟು ಮಂಡಿಯ ದನಿಯಲ್ಲಿ.

ಒತ್ತಿದೆ. ಗಡಿಯಾರದ ಗುರುತು ತಿರುಗಿತು, ತಿರುಗಿತು, ತಿರುಗಿತು. ಅರವತ್ತೆರಡು ಡಾಲರ್. ನನ್ನ ಹೆಸರು ಮೇಲೆ. ಯುಪಿಎಸ್ ಸತ್ತದ್ದು ಅದಾದ ಮೇಲೆ.

ಇವರು ಮುನಾಫನ ಬೆನ್ನು ತಟ್ಟಿದರು. ಮೂವರಿಗೂ ಬೆಣ್ಣೆದೋಸೆ. ನಾನು ಎರಡು ತಿಂದೆ!

ಅದೇ ದಿನ, ಬೆಳಿಗ್ಗೆ ೧೧

ಕರೆಂಟು ಬಂತು. ಸಾಹೇಬನ ಇ-ಮೇಲ್ ಕೂಡ ಬಂತು. “ಅಭಿನಂದನೆ. ಇಗೋ ನಿಮ್ಮ ಪುಟ.” ಚಿತ್ರ ಇಳಿಯಿತು, ಗೆರೆಗೆರೆಯಾಗಿ. ಮೊದಲು ತಲೆಕಟ್ಟುಗಳು, ಆಮೇಲೆ ಅಕ್ಷರದ ಹೊಟ್ಟೆ.

ಇದ್ದ ಹಾಗೆ ಬರೆದುಕೊಂಡಿದ್ದೇನೆ:

“ಮರುಳಸಿದ್ದಮ್ಮ, ೪ನೇ ಇಯತ್ತೆ. ಈ ಪುಸ್ತಕ ನರ್ಸಮ್ಮನಿಗೆ ಕೊಟ್ಟಿದ್ದೇನೆ. ಇನ್ನು ಸೂಜಿ ಚುಚ್ಚಬಾರದು.”

ಮುನಾಫ್ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಲಂಚ ಕೊಟ್ಟೀರಲ್ರಿ ಟೀಚರಮ್ಮ!” ನಾನೂ ನಕ್ಕೆ. ಮನೆಯ ತನಕ ನಗುತ್ತಲೇ ಬಂದೆ.

ನಾನು. ನಾನೇ ಕೊಟ್ಟದ್ದು. ಆ ವರ್ಷ ಟೈಫಾಯ್ಡ್ ಆಗಿತ್ತು. ಮಿಷನ್ನಿನ ದೊಡ್ಡ ಬಿಳಿ ನರ್ಸಮ್ಮ ದಿನಾ ಸೂಜಿ ಹಿಡಿದು ಬರುತ್ತಿದ್ದಳು. ಅವಳ ಟೊಪ್ಪಿಗೆ ನೆನಪಿದೆ. ಪುಸ್ತಕ ಕೊಟ್ಟದ್ದು ನೆನಪಿಲ್ಲ. ಜ್ವರದ ತಲೆ, ಸಣ್ಣ ಮಗು, ಮರೆತಿರುತ್ತೇನೆ. ಅಷ್ಟೇ.

೨೦ ಆಗಸ್ಟ್, ಶುಕ್ರವಾರ

ಇಲ್ಲಿ ಬರೆದು ತಿಂಗಳ ಮೇಲಾಯಿತು. ಡಾಲರ್ ಡ್ರಾಫ್ಟಿಗೆ ಬ್ಯಾಂಕಿಗೆ ಹೋಗಿದ್ದಷ್ಟೇ. ಮ್ಯಾನೇಜರ್ ನಾಗರಾಜಪ್ಪನವರು “ಯಾವ ಉದ್ದೇಶಕ್ಕ್ರಿ ಮೇಡಂ?” ಅಂದರು. ಮಕ್ಕಳ ಪುಸ್ತಕ ಅಂದೆ. ಮೊಮ್ಮಕ್ಕಳು ಎಷ್ಟು ಮಂದಿ ಎಂದು ಕೇಳಿದರು.

ಇವತ್ತು ಪೋಸ್ಟ್‌ಮ್ಯಾನ್ ಹಾಲೇಶಪ್ಪ ಪಾರ್ಸೆಲ್ ತಂದ. ಸುತ್ತಲೂ ಅಮೆರಿಕದ ಪೇಪರಿನ ಉಂಡೆಗಳು. ನಡುವೆ ಆ ಹಳದಿ. ಖುಷಿಪಡಬಾರದು ಎಂದುಕೊಂಡಿದ್ದರೂ ಎದೆ ಕುಣಿದೇ ಬಿಟ್ಟಿತು. ಮೂಸಿದೆ. ಎಲ್ಲಾ ಕಥೆಗಳನ್ನೂ ನಿಂತಲ್ಲೇ ಓದಿದೆ. ನನ್ನ ಟ್ರಂಕಿನಲ್ಲಿ ಇನ್ನೂರು ಪುಸ್ತಕವಿದೆ. ಇದರ ಮುಂದೆ ಅವೆಲ್ಲಾ ರದ್ದಿ.

ಟ್ರಂಕಿನಲ್ಲಿ ಇಡಲಿಲ್ಲ. ನಾಡಿದ್ದು ಭಾನುವಾರ ಗುತ್ತೂರಿಗೆ, ಓಬವ್ವನ ಮನೆಗೆ ಹೋಗುತ್ತೇನೆ. ಇವರಿಗೂ ಹೇಳಿದೆ. ಜೊತೆಗೆ ಬರ್ಲಾ ಅಂದರು. ಬ್ಯಾಡ ಅಂದೆ.

೨೨ ಆಗಸ್ಟ್, ಭಾನುವಾರ, ಸಂಜೆ ೬

ಹರಿಹರದಲ್ಲಿ ಇಳಿದು ಆಟೋ. ಓಬವ್ವ ಪಡಸಾಲೆಯಲ್ಲಿ ಕೂತು ಮೆಂತ್ಯದ ಸಿವುಡು ಕಟ್ಟುತ್ತಿದ್ದಳು. ಮಗ ನಿಂಗರಾಜು ಫ್ಯಾಕ್ಟರಿಗೆ ಹೋಗಿದ್ದನಂತೆ. ತಲೆ ಎತ್ತಿದಳು.

“ಸಿದ್ದಿ ಅಲ್ಲೇನು? ಸಂತ್ಯಾಗ ದೂರದಿಂದಲೇ ತಿರುಗಿ ಹೋಗ್ತಿದ್ದಿ. ಇವತ್ತೇನು ದಾರಿ ತಪ್ಪಿ ಬಂದ್ಯಾ?”

ಪುಸ್ತಕ ಕೊಟ್ಟೆ. ಕೈ ಸೆರಗಿಗೆ ಒರೆಸಿಕೊಂಡು ತಗೊಂಡಳು. ಕರಡಿಮರಿಯನ್ನು ಬೆರಳಿನಿಂದ ಸವರಿದಳು. ನಲವತ್ತೊಂದನೇ ಪುಟ ತೆಗೆದು ತೋರಿಸಿದೆ.

“ಮ... ರು... ಳ... ಮುಂದ ನಂಗೆ ಆಗಲ್ಲ. ನೀನೇ ಓದಿ ಹೇಳು.”

ಓದಿದೆ. ಒಂದೊಂದು ಪದಕ್ಕೂ ಬೆರಳಿಟ್ಟು, ಕ್ಲಾಸಿನಲ್ಲಿ ಮಕ್ಕಳಿಗೆ ಓದಿ ಹೇಳುವ ಹಾಗೆ. ಅವಳು ಅಳಲಿಲ್ಲ, ಬೈಯಲಿಲ್ಲ. ಇನ್ನೊಂದು ಸಿವುಡು ಕಟ್ಟಿದಳು.

“ಒಂದು ಮಾತು ಕೇಳ್ತೀನಿ. ಅವತ್ತು ನಿಂಗೆ ಗೊತ್ತಿತ್ತಾ? ಇಲ್ಲಾ, ಗೊತ್ತಿಲ್ದೇ ನನ್ನ ಹೆಸರು ಹೇಳಿದ್ಯಾ?”

ಜ್ವರ ಅನ್ನಬಹುದಿತ್ತು. ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

“ಗೊತ್ತಿತ್ತು ಓಬಿ,” ಅಂದೆ. “ಬಹುಮಾನ ಯಾರಿಗೋ ಕೊಟ್ಟೆ ಅಂದ್ರೆ ಅಪ್ಪ ಹೊಡೀತಾರಂತ ಹೆದರಿದ್ದೆ. ನಿಮ್ಮಪ್ಪ ಬಂದು ನಿನಗೆ ಹೊಡೆದಾಗಲೂ ಗೊತ್ತಿತ್ತು.”

ಯಾರೂ ಓದದ ಈ ಡೈರಿಯಲ್ಲೂ ಸುಳ್ಳೇ ಬರೆದಿದ್ದೇನೆ, ಜುಲೈ ಹನ್ನೆರಡಕ್ಕೆ, ನೆನಪಿಲ್ಲ ಎಂದು. ಅವಳೇ ಕದ್ದಿರಬೇಕೆಂದು ಇಷ್ಟು ವರ್ಷ ನನ್ನನ್ನೇ ನಂಬಿಸಿಕೊಂಡಿದ್ದೆ, ಆ ಪುಟ ಓದಿದಾಗ ಎಲ್ಲಾ ನೆನಪಾಗಿತ್ತು. ಹೊಡೆದು ಹಾಕುವುದಿಲ್ಲ. ಇರಲಿ ಅದು.

ಓಬವ್ವ ಕೈಯಲ್ಲಿದ್ದ ಸಿವುಡಿಗೆ ಗಂಟು ಹಾಕಿದಳು. ಆಮೇಲೆ ಪುಸ್ತಕ ಮಡಚಿ ಮಡಿಲಲ್ಲಿ ಇಟ್ಟುಕೊಂಡಳು.

“ಹಂಗಾರೆ ಇದು ಇಲ್ಲೇ ಇರ್ಲಿ.”

ಇರಲಿ ಅಂದೆ. ಹನ್ನೆರಡು ವರ್ಷದ ಹುಡುಕಾಟ, ಮನೆಯಲ್ಲಿ ಎರಡು ದಿನ ಇತ್ತು. ಬಿಟ್ಟು ಬರಲು ಮನಸ್ಸಾಗದದ್ದೂ ನಿಜ, ಕೊಟ್ಟು ಹಗುರಾದದ್ದೂ ನಿಜ. ಅವಳು ಪುಸ್ತಕ ಹಿಡಿದು ಒಳಗೆ ಹೋದಳು. ಹೋಗು ಅನ್ನಲಿಲ್ಲ, ಕೂಡು ಅನ್ನಲಿಲ್ಲ. ಎದ್ದು ಬಂದು ಚಪ್ಪಲಿ ಮೆಟ್ಟಿದೆ.

ಒಳಗಿನಿಂದ ಓದುವ ದನಿ ಬಂತು. ಮೊದಲ ಕಥೆ. ಒಂದೊಂದೇ ಅಕ್ಷರ, ಮಗುವಿನ ಹಾಗೆ. “ಕಾ... ಡಿ... ನ... ಲಿ...” ಒತ್ತಕ್ಷರಕ್ಕೆ ಬಂದು ಮುಗ್ಗರಿಸಿತು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ. ಮೂರನೇ ಸಲ ದನಿ ನಿಂತೇ ಹೋಯಿತು.

ಚಪ್ಪಲಿ ಬಿಟ್ಟೆ. ಹೊಸಿಲು ದಾಟಿ, ಅವಳ ಪಕ್ಕದಲ್ಲಿ ಕೂತು, ಆ ಅಕ್ಷರದ ಮೇಲೆ ಬೆರಳಿಟ್ಟು, “ಲ್ಲಿ,” ಅಂದೆ.