ಜಡ್ಜ್ ಸಾಹೇಬರ ಬಾಲ ಸಣ್ಣಗಾದದ್ದು

೮ ಮಾರ್ಚ್ ೨೦೦೪, ಸೋಮವಾರ. ಸಂಜೆ ೭.೧೦

ನರಸಿಂಹರಾಜಪುರದ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ — ನಮ್ಮ ಹಾಲ್‌ನ ಟ್ಯೂಬ್‌ಲೈಟ್ ಹಿಂದಿನ ಹಲ್ಲಿ ಈ ದಿನ ಒಂದು ಹುಳವನ್ನೂ ಹಿಡಿಯಲಿಲ್ಲ. ಮೂತಿ ಮುಂದೆಯೇ ಬಂದು ಕೂತರೂ ಸುಮ್ಮನಿತ್ತು.

ಸಾಮಾನ್ಯ ಹಲ್ಲಿಯಲ್ಲ. ನಾಲ್ಕು ವರ್ಷದಿಂದ ಸಾಕಿದ್ದು. ಹೆಸರು ಜಡ್ಜ್ ಸಾಹೇಬರು. ಯಾರಾದರೂ ಮಾತಾಡುವಾಗ ಸಾಹೇಬರು ಲೊಚ್ ಅಂದರೆ ನನ್ನ ಹೆಂಡತಿ ಅಂಬುಜಾಕ್ಷಿ ನೆಲಕ್ಕೆ ಬೆರಳು ಕುಟ್ಟಿ 'ಕೃಷ್ಣ ಕೃಷ್ಣ' ಅನ್ನುತ್ತಾಳೆ. ಆ ಮಾತು ಪಾಸು. ನನ್ನದು ಇವತ್ತಿನವರೆಗೆ ಒಂದೂ ಪಾಸಾಗಿಲ್ಲ.

ಶೃಂಗೇರಿಯವರಿಗೆ ಯುಗಾದಿಯೊಳಗೆ ಉತ್ತರ ಹೇಳಬೇಕು — ಮಗಳು ಶ್ರಾವ್ಯಳನ್ನು ಕೊಡ್ತೇವೋ ಇಲ್ಲವೋ. ಅಂಬುಜಾಕ್ಷಿದು ಒಂದೇ ಮಾತು: "ಹಲ್ಲಿ ನುಡೀಲಿ, ಆಮೇಲೆ ನೋಡುವ."

೧೦ ಮಾರ್ಚ್

ಸ್ಟೂಲ್ ಹತ್ತಿ ನೋಡಿದೆ. ದಪ್ಪಗಿದ್ದ ಬಾಲ ಈಗ ಹಿಡಿಕಡ್ಡಿ. ಕಣ್ಣು ಗುಳಿ ಬಿದ್ದಿದೆ. ಯಾರೋ ಎಂತದೋ ಮಾಡಿದ್ದಾರೆ.

ಪಕ್ಕದ ಮನೆ ಪ್ರೇಮಕ್ಕ ಹಲ್ಲಿ ಓಡಿಸಲಿಕ್ಕೆ ನವಿಲುಗರಿ ತಂದವರು, ನಮಗೂ ಎರಡು ಕೊಟ್ಟರು. ನಗುತ್ತಾ ಕೊಟ್ಟರು. ಇನ್ನು ಹುಡುಗನ ಸೋದರಮಾವ... ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಬಿಟ್ಟು ಟ್ಯೂಬ್‌ಲೈಟನ್ನೇ ನೋಡುತ್ತಿದ್ದರು. ಯಾಕೆ?

ಇನ್ನೊಂದು ವಿಚಿತ್ರ. ಊಟ ಬಿಟ್ಟವರು ತೀರ್ಪು ಬಿಟ್ಟಿಲ್ಲ. ಶ್ರಾವ್ಯಳ ಕೊಪ್ಪದ ಕಂಪ್ಯೂಟರ್ ಕ್ಲಾಸಿಗೆ ಲೊಚ್. ಹೊಸ ಚೂಡಿದಾರಿಗೆ ಲೊಚ್. ನಿನ್ನೆ ಅಂಬುಜಾಕ್ಷಿ, "ಹುಡುಗ ಸ್ವಲ್ಪ ಮುಂಗೋಪಿಯೋ ಎಂತದೋ" ಅಂದಳು. ಅದಕ್ಕೂ ಲೊಚ್. ಸಾಹೇಬರು ಯಾರದೋ ಪಾರ್ಟಿ ಸೇರಿದ್ದಾರೆ.

೧೨ ಮಾರ್ಚ್, ಶುಕ್ರವಾರ

ಗೋಡೆಯಿಂದ ಬಿದ್ದರು. ನೇರ ನನ್ನ ಪೇಪರ್ ಮೇಲೆ. ಕನ್ನಡಕ ಹಾಕಿ ನೋಡಿದೆ — ಕಾಲ್ಬೆರಳಿಗೆಲ್ಲ ಹಳೇ ಪೊರೆ, ಕಾಲುಚೀಲದ ಹಾಗೆ ಬಿಗಿದಿದೆ. ಹಿಡಿತವೇ ಇಲ್ಲ.

ನೋಡುತ್ತಿದ್ದ ಹಾಗೇ ಲೊಚ್ ಅಂತ ಕೇಳಿತು. ಸಾಹೇಬರ ಗಂಟಲು ಅಲ್ಲಾಡಿರಲಿಲ್ಲ. ಸದ್ದು ಬಂದದ್ದು ಅಡುಗೆಮನೆ ಪರದೆ ಹಿಂದಿನಿಂದ. ಸರಿಸಿದರೆ ಶ್ರಾವ್ಯ. ಕೈಯಲ್ಲಿ ಸೌಟು.

"ಎಷ್ಟು ದಿನದಿಂದ?"

"ಒಂದು ತಿಂಗಳಾಯ್ತು ಅಪ್ಪ. ಅದು ಸುಮ್ಮನಾಗಿತ್ತು. ಅಮ್ಮ ಕಾದು ಕಾದು ಕೂತಿದ್ರು, ಪಾಪ ಅನಿಸ್ತು. ಆಮೇಲೆ... ಅಭ್ಯಾಸ ಆಯ್ತು."

ಅಂದರೆ ಕಾಯಿಲೆಗೆ ಒಂದು ತಿಂಗಳು. ಮೊದಲ ಲಕ್ಷಣವೇ ಮೌನ. ಅದು ಕಾಣದ ಹಾಗೆ ಮಗಳು ತುಂಬಿಕೊಟ್ಟಿದ್ದಾಳೆ.

"ಹುಡುಗ ಬೇಡವಾ?"

"ಬೇಡ."

"ಹಾಗಾದ್ರೆ ನಿನ್ನ ಬಾಯಲ್ಲೇ ಹೇಳು ಮಾರಾಯ್ತಿ."

"ನನ್ನ ಮಾತಿಗೆ ಈ ಮನೇಲಿ ಯಾರು ನೆಲ ಕುಟ್ಟಿದಾರೆ?"

ಸಾಹೇಬರನ್ನು ಪೇಪರ್ ಸಮೇತ ಎತ್ತಿ ಶೂ ಬಾಕ್ಸಿಗೆ ಇಳಿಸಿದೆ.

೧೩ ಮಾರ್ಚ್

ಪಶು ಆಸ್ಪತ್ರೆ. ಕಂಪೌಂಡರ್ ಭೈರಪ್ಪ ಪೆನ್ನು ತೆಗೆದ. "ದನವಾ, ಎಮ್ಮೆಯಾ?" ಶೂ ಬಾಕ್ಸ್ ತೆರೆದೆ. ಬಹಳ ಹೊತ್ತು ನನ್ನನ್ನೇ ನೋಡಿದ, ಹಲ್ಲಿಯನ್ನಲ್ಲ.

ಆದರೂ ಹೇಳಿದ. "ಕೋಳಿ ಕಾಲಿಗೆ ನೂಲು ಸುತ್ತಿಕೊಂಡ್ರೆ ಬೆರಳೇ ಉದುರ್ತದೆ ಸಾರ್. ಇದೂ ಹಾಗೇ. ಒದ್ದೆ ಬಟ್ಟೆ ಮೇಲೆ ಬಿಡಿ, ಉಗುರುಬೆಚ್ಚಗೆ. ನೆನೆದ ಮೇಲೆ ಹತ್ತೀಲಿ ಸವರಿ. ಎಳೀಬೇಡಿ."

೧೯ ಮಾರ್ಚ್

ಪೊರೆ ಹೋಯಿತು. ಒಂದು ಬೆರಳೂ ಹೋಯಿತು. ಶ್ರಾವ್ಯ ದಿನಾ ಮೂತಿಗೆ ಹನಿ ನೀರು ಬಿಡುತ್ತಾಳೆ, ನೆಕ್ಕುತ್ತಾರೆ. ಇವತ್ತು ಒಂದು ಗೆದ್ದಲು ತಿಂದರು. ಮಾತಿಲ್ಲ.

ಪರದೆ ಹಿಂದಿನಿಂದಲೂ ಇಲ್ಲ.

೨೧ ಮಾರ್ಚ್, ಯುಗಾದಿ

ಬೇವುಬೆಲ್ಲ ಆದ ಮೇಲೆ ಅಂಬುಜಾಕ್ಷಿ ಬಾಕ್ಸ್ ಮುಂದೆ ಕೂತಳು. "ಶೃಂಗೇರಿಗೆ ಎಂತ ಹೇಳ್ಲಿ?" ಸಾಹೇಬರು ಕಣ್ಣು ನೆಕ್ಕಿಕೊಂಡರು, ಅಷ್ಟೆ.

ಶ್ರಾವ್ಯ ಎದುರಿಗೇ ನಿಂತು ಹೇಳಿದಳು. "ನಂಗೆ ಬೇಡ ಅಮ್ಮ."

ನಾನು ಬಗ್ಗಿ ನೆಲಕ್ಕೆ ಮೂರು ಸಲ ಬೆರಳು ಕುಟ್ಟಿದೆ. "ಕೃಷ್ಣ ಕೃಷ್ಣ."

"ಹಲ್ಲಿ ನುಡೀತಾ? ನಂಗೆ ಕೇಳ್ಲಿಲ್ಲ."

"ನಂಗೆ ಕೇಳ್ತು."

ಅಂಬುಜಾಕ್ಷಿ ನನ್ನ ಮುಖ ನೋಡಿದಳು. ಮಗಳ ಮುಖ ನೋಡಿದಳು. ಎದ್ದು ಹೋಗಿ ಫೋನ್ ತಿರುಗಿಸಿದಳು — "ಈಗ ಬೇಡ ಅಂತ ನಮ್ಮ ಕೂಸು ಹೇಳ್ತಿದಾಳೆ..." ಹಲ್ಲಿಯ ಹೆಸರೇ ಎತ್ತಲಿಲ್ಲ. ನನಗೆ ಗುಮಾನಿ.

ಅಂಬುಜಾಕ್ಷಿ, ಈ ಡೈರಿ ನೀನು ಓದುತ್ತೀ ಅಂತಲೂ ಗುಮಾನಿ. ಹನ್ನೆರಡನೇ ತಾರೀಕಿನದು ಓದಿದ್ದರೆ ಮಗಳನ್ನು ಬೈಯಬೇಡ. ಇನ್ನೊಂದು ಸಣ್ಣ ಉಪಕಾರ. ನಾಳೆ ನಾನು ಆಫೀಸಿಗೆ ಹೋದ ಮೇಲೆ ಬಾಕ್ಸಿನ ಬಟ್ಟೆ ಒಣಗಿದ್ದರೆ ಎರಡು ಚಮಚ ಉಗುರುಬೆಚ್ಚಗಿನ ನೀರು... ಮುಚ್ಚಳ ಪೂರ್ತಿ ಮುಚ್ಚದೆ, ಒಂದು ಬದಿ ಸ್ವಲ್ಪ ತೆರೆದಿಡು.